ಕಡಲಿದ್ದ ಜಾಗ ತಿಳಿ

ಫ್ರಿಜ್ಜಿನಲ್ಲಿ ಅಂಜಲ್ ಮೀನಿನ ತುಂಡುಗಳ ಪಕ್ಕ
ಮಲಗಿರುತ್ತಿದ್ದವು ನನ್ನ ಫಿಲ್ಮಿನ ರೋಲುಗಳು.
ಮನಾಮದ ಜುಲೈಗೆ
ಎರಡಕ್ಕೂ ಒಂದೇ ಹೆದರಿಕೆ.

ನಲ್ಲಿ ತಿರುಗಿಸಿದರೆ ಸುಡುನೀರು, ಅದರಲ್ಲೂ ಉಪ್ಪು.
ಡೆವಲಪರಿನ ತಟ್ಟೆಗೆ
ಐಸು ತುಂಬಿದ ಪ್ಲಾಸ್ಟಿಕ್ ಚೀಲ ಇಳಿಬಿಡುತ್ತಿದ್ದೆ,
ಜ್ವರದ ಮಗುವಿನ ಹಣೆಗೆ ಒದ್ದೆಬಟ್ಟೆ ಇಟ್ಟ ಹಾಗೆ.
ಇಪ್ಪತ್ತು ಡಿಗ್ರಿಗೆ ಇಳಿಯುವ ತನಕ ಕೆಂಪು ಬಲ್ಬು, ನಾನು.
ನಿನಗೆ ಸಂಬಳ ಕಾಯುವುದಕ್ಕೇ
ಎನ್ನುತ್ತಿದ್ದ ಅರಬಾಬ ಜಾಸಿಮ್.
ತಪ್ಪೇನಿಲ್ಲ ಬಿಡಿ.

ಶುಕ್ರವಾರ ರಜೆ.
ಯಾಶಿಕಾ ಕೊರಳಿಗೆ ಹಾಕಿ ಸೀಫಿನ ಕಡೆ ನಡೆದರೆ
ಇಳಿತದ ಹೊತ್ತಿಗೆ ಮೊಣಕಾಲುದ್ದ ಕಡಲು,
ಖರ್ಜೂರದ ಕಡ್ಡಿಯಲ್ಲಿ ಹೆಣೆದ ಮೀನುಬೇಲಿ,
ಒಬ್ಬ ಮುದುಕ, ಅವನ ಬಿಳಿ ಕತ್ತೆ.
ಮೂವತ್ತಾರು ಸಲ ನೋಡುವುದಕ್ಕೆ ಮಾತ್ರ ಅಪ್ಪಣೆ.
ಮೂವತ್ತೈದು ಮುಗಿದ ಮೇಲೆ
ಕಣ್ಣಿಗೇ ಜಿಪುಣತನ.
ಮುದುಕ ತಿರುಗಲಿ, ಕತ್ತೆ ಕಿವಿ ನಿಗುರಿಸಲಿ, ಮೋಡ—
ಈ ಊರಲ್ಲಿ ಮೋಡಕ್ಕೆ ಕಾಯುವುದು ಹುಚ್ಚು.
ಕಾದೂ ಕಾದೂ
ಒತ್ತದೆಯೇ ಹಿಂದಿರುಗಿದ್ದುಂಟು.
ಒತ್ತದ ಆ ಪಟಗಳಿಗೆ ಇನ್ನೂ ಬಣ್ಣ ಮಾಸಿಲ್ಲ.

ನೌಶೀನ್ ಭಟ್ಕಳದವಳು.
ಬಿಲ್ಡರೊಬ್ಬನ ಆಫೀಸಿನಲ್ಲಿ ಡ್ರೋನು ಹಾರಿಸುವ ಕೆಲಸ.
ಅರ್ಧ ಗಂಟೆಗೆ ಒಂಬೈನೂರು ಪಟ, ಅದೇ ಸೀಫಿನದು.
ಗೋಪುರದ ಗಾಜಿನಲ್ಲಿ ಇನ್ನೊಂದು ಗೋಪುರ
ಅದರ ಗಾಜಿನಲ್ಲಿ ಮತ್ತೊಂದು.
ಯಾವುದು ಚೆಂದ ಅಂಕಲ್?
ಇದು ಎನ್ನುವಷ್ಟರಲ್ಲಿ
ಬೆರಳು ಇಪ್ಪತ್ತು ಪಟ ದಾಟಿರುತ್ತದೆ.

ಆದರೂ ಸುಳ್ಳು ಹೇಳಬಾರದು.
ರಾತ್ರಿಯ ಒಂದನ್ನು ಹಿಗ್ಗಿಸಿದಳು, ಹಿಗ್ಗಿಸುತ್ತಲೇ ಹೋದಳು:
ನಲವತ್ತನೇ ಮಹಡಿಯೆತ್ತರ, ಕ್ರೇನಿನ ಗೂಡು,
ಬುತ್ತಿ ಬಿಚ್ಚಿ ಕೂತವನ ಬೆರಳಿಗಂಟಿದ
ಅನ್ನದ ಅಗುಳು.
ನನ್ನ ಫಿಲ್ಮಿಗೆ ಅವನು ಬರೀ ಕತ್ತಲೆ.
ಅಂಥವರನ್ನು ಎಷ್ಟು ಮಂದಿಯನ್ನು
ಕತ್ತಲೆಯೆಂದೇ ತೊಳೆದು
ಕ್ಲಿಪ್ಪು ಸಿಕ್ಕಿಸಿ ಒಣಹಾಕಿದೆನೋ.

ನನ್ನ ಹಳೆಯ ಪ್ರಿಂಟುಗಳನ್ನು ಅವಳು ಸ್ಕ್ಯಾನು ಮಾಡಿದ ದಿನ ಕೇಳಿದಳು:
ಆಗ ಕಡಲ ಮೇಲೆ ಕರೆಂಟಿನ ತಂತಿ ಇತ್ತಾ?
ನಕ್ಕೆ. ತಂತಿಯಲ್ಲ ಮಗೂ,
ಕ್ಯಾಮರಾದೊಳಗೆ ಸೇರಿಕೊಂಡ ಒಂದೇ ಒಂದು ಮರಳಿನ ಕಣ.
ರೀಲು ಸುತ್ತಿದಷ್ಟೂ ಗೀರಿದೆ,
ಮೊದಲ ಆಕಾಶದಿಂದ ಮೂವತ್ತಾರನೆಯದರ ತನಕ.
ಓಹ್ ಎಂದು ತೋರುಬೆರಳಲ್ಲಿ ಒರೆಸಿಬಿಟ್ಟಳು.
ಹುಡುಕಿದೆ, ಗಾಯದ ಗುರುತೂ ಇಲ್ಲ.
ಆ ಗೆರೆಯ ಮೇಲೆ ಹಕ್ಕಿಯೊಂದು ಕೂತೀತು ಅಂತ
ನಾನು ಮೂವತ್ತು ವರ್ಷ ಸುಮ್ಮನೆ ಅಂದುಕೊಂಡಿದ್ದೆ,
ಅವಳಿಗೆ ಹೇಳಲಿಲ್ಲ.

ಮೊನ್ನೆ ಅವಳ ಆಫೀಸಿನ ಕಿಟಕಿಗೆ
ಹಳೆಯ ನೆಗೆಟಿವಿನ ಪಟ್ಟಿ ಹಿಡಿದೆ.
ನಸುಕಿನಲ್ಲಿ ತೆಗೆದದ್ದು, ಆಗ ಕಡಲು ಕಡುಗಪ್ಪು.
ಪಟ್ಟಿಯಲ್ಲಿ ಎಲ್ಲ ತಿರುಗುಮುರುಗು:
ಮರಳು ಮಸಿ, ಬಿಳಿ ಕತ್ತೆ ಮಸಿ, ಮುದುಕನ ತೋಬು ಮಸಿ.
ಕಡಲಿದ್ದ ಜಾಗ ಮಾತ್ರ ತಿಳಿ,
ಆರಪಾರ ಕಾಣುವಷ್ಟು.
ಅದರೊಳಗೆ, ಕಿಟಕಿಯಾಚೆಯ ಗೋಪುರ
ಮೊಣಕಾಲುದ್ದ ನೀರಲ್ಲಿ ನಿಂತಿತ್ತು,
ಮೀನುಬೇಲಿಯಲ್ಲಿ ಸಿಕ್ಕಿಬಿದ್ದು.

ನೌಶೀನ್ ಫೋನೆತ್ತಿದಳು.
ಅದು ಒಮ್ಮೆ ಪಟ್ಟಿಗೆ, ಒಮ್ಮೆ ಗೋಪುರಕ್ಕೆ
ಕಣ್ಣು ಕೂಡಿಸಲು ಒದ್ದಾಡಿತು.
ನನಗೂ ಅಷ್ಟೇ, ಒಂದು ಕಣ್ಣು ಮುಚ್ಚಬೇಕಾಯಿತು.
ತಡಿ, ಅಂದೆ.
ಕೈ ನಡುಗುತ್ತಿದೆ ನನ್ನದು, ನಿಲ್ಲಲಿ.
ಆ ಗಾಜಿಗೆ ಇಷ್ಟು ಬಿಸಿಲು ಬರಲಿ.