ಷರಾ

ಗೃಹ ಇಲಾಖೆಯಿಂದ ಎಸ್ಪಿ ಕಚೇರಿಗೆ,
ಅಲ್ಲಿಂದ ಶಿಡ್ಲಘಟ್ಟದ ನಮ್ಮ ಠಾಣೆಗೆ
ಮೂರು ಮೊಹರು ಹೊತ್ತು ಬಂದ ಕಾಗದ
ಕೊನೆಗೆ ನನ್ನ ಬೈಕಿನ ಟ್ಯಾಂಕ್ ಕವರು ಸೇರಿತು.

ಹೆಸರು: ನೂರ್ ಜಬೀನ್.
ತಂದೆ: ದಿವಂಗತ ಅಬ್ದುಲ್ ವಾಜಿದ್, ನೂಲು ಬಿಚ್ಚಾಣಿಕೆ.
ಕಲಿಯಲು ಹೋದ ದೇಶ ಹೇಳಿದೆಯಂತೆ,
ಮುಗಿದ ಮೇಲೆ ಎರಡು ವರ್ಷ
ನಿಮ್ಮ ನಾಡಲ್ಲಿ ಇದ್ದು ಬನ್ನಿ, ಆಮೇಲೆ ನೋಡೋಣ.
ಆ ಎರಡು ವರ್ಷ ಮನ್ನಾ ಆಗಬೇಕಾದರೆ
ಊರು ಬರೆದುಕೊಡಬೇಕು:
ನಮ್ಮದೇನೂ ತಕರಾರಿಲ್ಲ,
ಇವಳು ಬರಲೇಬೇಕೆಂಬ ಹಂಗಿಲ್ಲ.

ಊರು ಅಂದರೆ ಯಾರು, ಕಾಗದದಲ್ಲಿಲ್ಲ.
ಇಲ್ಲದ ಕಡೆಯೆಲ್ಲ
ಹೆಡ್ ಕಾನ್‌ಸ್ಟೆಬಲ್ಲೇ ಊರು.

ಟೀ ಅಂಗಡಿ ಅಂಜಿನಪ್ಪ:
ಪರೀಕ್ಷೆ ಟೈಮಲ್ಲಿ ರಾತ್ರಿ ಫ್ಲಾಸ್ಕು ಕಳಿಸ್ತಿದ್ದೆ,
ವಾಜಿದ್ ಸಾಬ್ರು ಚುಕ್ತಾ ಮಾಡಿದ್ರು.
ಗೂಡಿನ ಮಾರುಕಟ್ಟೆಯ ಪಿಳ್ಳಮುನಿಯಪ್ಪ:
ಹರಾಜು ಮುಗಿದ ಜಾಲರಿಯಿಂದ
ಫ್ರಾಕಿನ ಮಡಿಲು ತುಂಬ ಗೂಡು ಒಯ್ಯೋಳು, ಪ್ರತಿ ಭಾನುವಾರ.
ಎಷ್ಟು ಅಂತ ಕೇಳಬೇಡಿ,
ಕಳ್ಳತನ ಅಂತ ಮಾತ್ರ ಬರೀಬೇಡಿ.
ಗ್ರಂಥಾಲಯದ ಸಹಾಯಕಿ ರಿಜಿಸ್ಟರು ತಿರುವಿ
ಬೆರಳಿಟ್ಟಳು: ಪ್ರಾಣಿಶಾಸ್ತ್ರ, ಭಾಗ ಎರಡು,
ಹದಿನಾಲ್ಕು ವರ್ಷದಿಂದ ಬಂದಿಲ್ಲ.

ಅಕ್ಕ ಶಾಹಿದಾ ತೊಟ್ಟಿಯ ಮುಂದೆ.
ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು
ಎಳೆಯ ತುದಿ ಹುಡುಕುತ್ತಲೇ ಇತ್ತು.
ತೂತು ಬಿದ್ದ ಗೂಡೊಂದನ್ನು ಬದಿಗೆಸೆದಳು.
ಅದ್ಯಾಕೆ?
ಚಿಟ್ಟೆ ಹೊರಟ ಗೂಡು ಸಾಬ್, ನೂಲು ಬರಲ್ಲ.
ಹಾಗಾದ್ರೆ ದಂಡ.
ದಂಡ ಯಾಕೆ? ಯಾವುದೂ ಹೊರಡದಿದ್ರೆ
ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ?
ಅಂದವಳು ತಂಗಿಯ ಮಾತನ್ನೇ ಎತ್ತಲಿಲ್ಲ,
ಹುಳ ಬೆಂದ ವಾಸನೆಗೆ ನಾನು ಕರವಸ್ತ್ರ ಎತ್ತಿದ್ದಕ್ಕೆ
ನಕ್ಕಳು.

ರಾತ್ರಿ ಹತ್ತಕ್ಕೆ ಫೋನು. ಅವಳಿಗೆ ಹಗಲು.
ತಕರಾರು ಏನಾದರೂ ಇದೆಯಾ ಸಾರ್?
ಕಣ್ಣಿನ ಪಾಪೆ ಹರಿದವರಿಗೆ
ರೇಷ್ಮೆಯ ತೇಪೆ ಹಾಕುವ ಕೆಲಸವಂತೆ.
ಹದಿನೇಳು ಕಣ್ಣು ಅರ್ಧದಲ್ಲಿವೆ,
ಎರಡು ವರ್ಷ ಎದ್ದು ಬಂದರೆ
ಅವು ಇನ್ನೊಬ್ಬರ ಕೈಗೆ.
ನಾನು ಕೇಳಬೇಕಾದ್ದು ಫಾರಮ್ಮಿನಲ್ಲಿತ್ತು,
ಕೇಳಿದ್ದು ಬೇರೆ: ಊರು ನೆನಪಾಗುತ್ತಾ?
ಸ್ವಲ್ಪ ಹೊತ್ತು ಬರೀ ಗೊರಗೊರ.
ಆಮೇಲೆ: ಮೂಗು ಮುಚ್ಚಿಕೊಂಡೇ ಓದಿದವಳು ಸಾರ್ ನಾನು.
ಇಲ್ಲಿ ಒಂದು ದಿನ ಲ್ಯಾಬಿನಲ್ಲಿ
ಗೂಡು ಕುದಿಸಿದಾಗ ಅದೇ ವಾಸನೆ ಬಂತು.
ಎಲ್ಲರೂ ಕಿಟಕಿ ತೆರೆದರು.
ನನಗೆ ಹಸಿವಾಯಿತು.

ನಾನೂ ಒಮ್ಮೆ ಬಾಗೇಪಲ್ಲಿಯ ಎರಡು ವರ್ಷ
ಮನ್ನಾ ಮಾಡಿ ಸ್ವಾಮಿ ಅಂತ
ಅರ್ಜಿ ಬರೆದವನೇ. ಕಾರಣ: ಸೊಂಟನೋವು.
ಆಗಲಿಲ್ಲ. ಸೊಂಟ ಇದ್ದಿದ್ದೂ ಚೆನ್ನಾಗಿಯೇ.

ಬೆಳಿಗ್ಗೆ ವರದಿ ಬರೆದೆ.
ಕ್ರಿಮಿನಲ್ ಪ್ರಕರಣ: ಇಲ್ಲ. ತೆರಿಗೆ ಬಾಕಿ: ಇಲ್ಲ.
ಮೂರನೇ ಕಲಮಿನಲ್ಲಿ
‘ಸದರಿಯವರಿಗೆ ಊರಿನ ಋಣವಿಲ್ಲ’ ಅಂತ ಬರೆದು ಕೊಟ್ಟೆ.
ಠಾಣೆಯ ರೈಟರ್ ರಾಮಲಿಂಗಾಚಾರಿ ಕನ್ನಡಕ ಇಳಿಸಿದರು.
ಋಣ ಬೇಡ ಕಣಯ್ಯಾ,
ಬಾಧ್ಯತೆ ಅಂತ ಹಾಕು.
ಋಣವಿಲ್ಲ ಅನ್ನೋ ಕಾಗದಕ್ಕೆ
ಯಾವ ಸಾಹೇಬ ಸಹಿ ಹಾಕ್ತಾನೆ?

ಹೊಡೆದು ಹಾಕಿ ಬಾಧ್ಯತೆ ಎಂದು ತಿದ್ದಿದೆ.
ಗ್ರಂಥಾಲಯಕ್ಕೆ ಹೋಗಿ ಪುಸ್ತಕದ ಬೆಲೆ,
ಮೂವತ್ತೆಂಟು ರೂಪಾಯಿ, ಕಟ್ಟಿ
ರಸೀದಿಯನ್ನು ಫೈಲಿಗೆ ಸೇರಿಸಲಿಲ್ಲ.
ಷರಾ ಕಲಂ ಖಾಲಿ ಉಳಿಯಿತು,
ಉದ್ದಕ್ಕೆ ಒಂದು ಗೆರೆ ಎಳೆದೆ,
ಎಳೆ ಕಡಿಯದ ಹಾಗೆ.

ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ತಡೆದಳು:
ಇದೇನು ಯೂನಿಫಾರಂ ಈ ಪಾಟಿ ನಾರ್ತಾ ಇದೆ,
ಹಿತ್ತಲಲ್ಲಿ ಬಿಚ್ಚಿ, ಸ್ನಾನ ಮಾಡಿ ಬನ್ನಿ.
ಮುದ್ದೆ ಆಗಿದೆ.