ಖಾಲಿ ತಟ್ಟೆಯ ತೂಕ

ಶಟರ್ ಎತ್ತುವ ಮೊದಲೇ
ದುರ್ಗಿಗುಡಿಯ ನನ್ನ ಅಂಗಡಿ ಮುಂದೆ
ಜೈತೂನ್‌ಬಿ ತಕ್ಕಡಿ ಹೊತ್ತು ನಿಂತಿದ್ದರು.
"ಏನೂ ಇಟ್ಟಿಲ್ಲ ಕಣಪ್ಪಾ, ಆದ್ರೂ ನಲವತ್ತು ಗ್ರಾಂ ತೋರಿಸ್ತದೆ.
ಗಿರಾಕಿಗಳು ನನ್ನನ್ನೇ ಕಳ್ಳಿ ಅಂತಾರೆ."

ನಾಲ್ಕು ಸ್ಕ್ರೂ. ಒಳಗೆ ಕಾಟ್ಲಾ ಮೀನಿನ ವಾಸನೆ,
ಐಸ್‌ನೀರು ಒಣಗಿದ ಬಿಳಿ ಗೆರೆ,
ಹಸಿರು ಹಲಗೆಯ ನಡುವೆ
ಹದಿನಾರು ಕಾಲೂರಿ ಕೂತ ಕರಿಯ.

ಹದಿನಾರು ಕಾಲುಂಟು, ನಡೆಯೋದಿಲ್ಲ;
ಬೆನ್ನ ಮೇಲೆ ಹೆಸರುಂಟು, ಕರೆದರೆ ಓಗೊಡೋದಿಲ್ಲ.
ಒಗಟು ಒಡೆಯಿರಿ ಎಂದರೆ
ಐಟಿಐ ಹುಡುಗರು ನಗುತ್ತಾರೆ: ಐಸಿ, ಸಾರ್.
ಹೆಸರು ಹೇಳಿದ ಮಾತ್ರಕ್ಕೆ ಒಗಟು ಒಡೆಯಿತೇ?

ನಾನು ಕೆಲಸ ಕಲಿತದ್ದು ಹಾಲೇಶಪ್ಪನವರ ಬಳಿ.
ಅವರ ವಾಲ್ವ್ ರೇಡಿಯೋ ಮಾತಾಡುವ ಮುನ್ನ
ಗಾಜಿನೊಳಗೆ ಕೆಂಡ ಮಾಡಿಕೊಂಡು
ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ಆಮೇಲೆ ಟ್ರಾನ್ಸಿಸ್ಟರು, ಮೂರು ಕಾಲಿನವು;
ಒಂದೊಂದನ್ನೂ ಮುಟ್ಟಿ ಕೇಳಬಹುದಿತ್ತು: ಯಾಕಪ್ಪಾ ಬಿಸಿ?
ಹಾಗೆ ಹೆಸರು ಹಿಡಿದು ಕರೆಯುತ್ತಿದ್ದವರೆಲ್ಲ
ಒಂದು ದಿನ ಸಂಸಾರ ಸಮೇತ
ಒಂದೇ ಕರಿಮನೆ ಹೊಕ್ಕು
ಬಾಗಿಲು ಹಾಕಿಕೊಂಡರು.
ಈಗ ನಮಗೆ ಗೊತ್ತಿರುವುದು ಹೊಸ್ತಿಲು ಮಾತ್ರ.
ಇಲ್ಲಿ ಐದು ವೋಲ್ಟ್ ಕೊಡು, ಅಲ್ಲಿ ನೆಲ ಮುಟ್ಟಿಸು,
ಉಳಿದದ್ದು ಅವರವರ ಮಾತು.

ಒಮ್ಮೆ ಸತ್ತದ್ದೊಂದನ್ನು ಮರಳುಕಾಗದದ ಮೇಲೆ
ಸಂಜೆಯಿಡೀ ಉಜ್ಜಿದ್ದೆ.
ವಾಚ್ ರಿಪೇರಿಯ ಮಸೂರ ಕಣ್ಣಿಗಿಟ್ಟರೆ
ಅಕ್ಕಿನುಚ್ಚಿನಷ್ಟು ಜಾಗದಲ್ಲಿ
ಗುಡ್ಡೇಕಲ್ಲಿನ ಮೇಲಿಂದ ಕಂಡ ಶಿವಮೊಗ್ಗ!
ಬೀದಿ, ಅಡ್ಡಬೀದಿ, ಬೀದಿಗೆ ಬೀದಿ,
ಜನ ಮಾತ್ರ ಕಾಣಲಿಲ್ಲ.
ಮರಳಿನಿಂದಲೇ ಮಾಡುತ್ತಾರಂತೆ ಇದನ್ನು.
ರಾತ್ರಿ ಹೊತ್ತು ಹೊಳೆಯಿಂದ ಏರಿಬರುವ
ಲಾರಿಗಳು ನೆನಪಾಗಿ ಯಾಕೋ ನಗು ಬಂತು.

ಹೊಸದು ತರಿಸಿದರೂ ನಂಬುವಂತಿಲ್ಲ.
ಥಿನ್ನರ್ ಹಚ್ಚಿ ಉಜ್ಜಿದರೆ ನಂಬರು
ಬೆರಳಿಗೇ ಬರುತ್ತದೆ,
ಕೆಳಗೆ ಬೇರೆ ಯಾರದೋ ಹೆಸರು.
ಹಳೆ ತಕ್ಕಡಿಯಿಂದ ಕಿತ್ತದ್ದೊಂದು ಡಬ್ಬಿಯಲ್ಲಿತ್ತು,
ಅದನ್ನೇ ಹಾಕೋಣವೆಂದು ಕಡ್ಡಿ ಕಾಯಲಿಟ್ಟೆ.
ಕೊನೆಗೊಮ್ಮೆ ಮಸೂರ ಬಗ್ಗಿಸಿದರೆ
ಏಳನೇ ಎಂಟನೇ ಕಾಲಿನ ನಡುವೆ
ಒಂದು ಹುರುಪೆಯ ಚೂರು. ಮೀನಿನದು.
ಒಣಗಿದರೂ ಹೊಳಪು ಬಿಟ್ಟಿರಲಿಲ್ಲ;
ಒದ್ದೆಯಾದಾಗಲೆಲ್ಲ
ಈ ಕಾಲಿನ ಗುಟ್ಟನ್ನು ಆ ಕಾಲಿಗೆ
ಚಾಡಿ ಹೇಳುತ್ತಿತ್ತು.

ಚಿಮಟದಲ್ಲಿ ಎತ್ತಿದೆ. ಹಲ್ಲುಜ್ಜುವ ಬ್ರಷ್ಷನ್ನು
ಸ್ಪಿರಿಟ್ಟಿನಲ್ಲಿ ಅದ್ದಿ ತೊಳೆದೆ.

ಸೊನ್ನೆ.

ಮೂವತ್ತು ವರ್ಷದ ಕೆಲಸ, ಇನ್ನೂ
ಸೊನ್ನೆಯಷ್ಟು ಖುಷಿ ಕೊಟ್ಟ ಅಂಕಿಯಿಲ್ಲ.

ಜೈತೂನ್‌ಬಿ ನಂಬಲಿಲ್ಲ. ಬಳೆ ಹಿಂದೆ ಸರಿಸಿ
ಅಂಗೈಯನ್ನು ತಟ್ಟೆಯ ಮೇಲೆ ಇಟ್ಟರು.
ನಾನೂರ ಹನ್ನೆರಡು. ಹದಿಮೂರು. ಹನ್ನೆರಡು.
"ನಿಲ್ಲೋದಿಲ್ವಲ್ಲ ಇದು?"
ಕೈ ನಿಂತಿಲ್ಲ ಅಮ್ಮಾ, ಎಂದೆ.
ಸ್ವಲ್ಪ ಹೊತ್ತು ಇಬ್ಬರೂ
ಆ ಕೊನೆಯ ಅಂಕಿಯನ್ನೇ ನೋಡುತ್ತ ನಿಂತೆವು.
ಕಾದ ಕಡ್ಡಿ ಸುಮ್ಮನೆ ಹೊಗೆಯಾಡುತ್ತಿತ್ತು.