ಫಳಾವಳಿಯಲ್ಲಿ ಒಂದು ಹೆಚ್ಚು

ಚವತಿಗೆ ಇನ್ನೂ ತಿಂಗಳಿದ್ದಾಗ ಒಂದು ಸಂಜೆ
ದಿಗಂಬರ ಕೆಲಸದಿಂದ ಬಂದವನು
ರಬ್ಬರ್ ಕೈಗವಸು ಕಳಚದೆ
ಅಡುಗೆಕಟ್ಟೆಯ ಮುಂದೆ ನಿಂತ.
ಹೀಗೆ ಸುಮ್ಮನೆ ನಿಂತಾಗೆಲ್ಲ
ಮನೆಗೊಂದು ಬಾಯಿ ಹೆಚ್ಚಿದೆ:
ಸಬ್‌ಸ್ಟೇಷನ್ನಿನ ಚರಂಡಿಯಿಂದ ಬಂದ
ಮೂರು ಕಾಲಿನ ನಾಯಿ, ಫ್ಯೂಜು;
ಬೈತಖೋಲ ಬಂದರದ ಹರಕು ಬಲೆಯಲ್ಲಿ
ಒಂದು ಕಣ್ಣು ಬಿಟ್ಟು ಬಂದ ಬೆಕ್ಕು, ಬಾಂಗಡೆ.

'ಏನು ಈ ಸಲ?' ಅಂದೆ.
'ಲೈನಿಗೆ ತಾಗ್ತಿತ್ತು ಅಂತ ತೆಂಗಿನ ಗರಿ ಕಡಿದೆ.
ಗರಿಯ ಅಡಿಗೆ ಸಂಸಾರ ಇತ್ತು.
ತಾಯಿ ಹಾರಿತು. ಇದು ಬಿತ್ತು.
ಕಡಿದದ್ದು ನಾನೇ.'
ಗವಸಿನ ಬೆರಳುಗಳ ನಡುವೆ
ಒಂದು ಹಿಡಿ ಕತ್ತಲು,
ಅದಕ್ಕೆ ಎರಡು ಕಣ್ಣು.

'ಬಾವಲಿ! ಹಬ್ಬ ಹತ್ತಿರ ಬಂದಾಗ!' ಅತ್ತೆ.
'ಟಿವಿಯಲ್ಲಿ ಬಂದ ಆ ಜ್ವರ ಗೊತ್ತಲ್ಲ?'
ಪಕ್ಕದ ಕಿಟಕಿಯಿಂದ ಮನೋರಮಾ ವಹಿನಿ.
ಹೆದರಿಕೆ ನನಗೂ ಇತ್ತು.
ಉಗ್ರಾಣದ ಬಾಗಿಲಿಗೆ ಸುಣ್ಣದ ಗೆರೆ ಎಳೆದೆ,
ಮಕ್ಕಳು ಗೆರೆಯ ಆಚೆ.
ಪಶು ಆಸ್ಪತ್ರೆಯ ಡಾಕ್ಟರು ಹೇಳಿದ ಹಾಗೆ
ಗವಸು, ಡ್ರಾಪರು, ಆಡಿನ ಹಾಲು.
ಪ್ರಥಮೇಶ ಗೆರೆಯ ಮೇಲೆ ಕೂತು
ಗಣಿತದ ನೋಟುಬುಕ್ಕಿನ ಹಿಂದೆ ಬರೆದ:
'ಆರು ಗಂಟೆ, ಎರಡು ಎಂಎಲ್. ಉಚ್ಚೆ, ಹೌದು.'

ಸಲೋನಿಗೆ ಹೆಸರಿಡುವ ಆಸೆ.
'ಬೇಡ,' ಅಂದರು ಅತ್ತೆ.
'ಹೆಸರಿಟ್ಟರೆ ಹೋದ ದಿನ ಕೂಗಬೇಕಾಗ್ತದೆ.'
ಮಾವನ ಹೆಸರನ್ನು ಎಂದೂ
ಬಾಯಿಬಿಟ್ಟು ಹೇಳಿದವರಲ್ಲ ಅವರು.
ನಾನು ವಾದಿಸಲಿಲ್ಲ.

ಚವತಿಯ ಹಿಂದಿನ ರಾತ್ರಿ ದಿಗಂಬರ
ಸ್ಟೂಲು ಹತ್ತಿ ಫಳಾವಳಿ ಕಟ್ಟಿದ.
ಕಂಬದ ಮೇಲೆ ಕಲಿತ ಗಂಟು, ಬಿಚ್ಚಲಾರದ್ದು:
ತೊರಂಜನ, ಅಂಬಾಡೆ, ಎಳೆ ಅಡಿಕೆ,
ಹಾಗಲ, ಸೌತೆ, ಚಿಕ್ಕು,
ಸಲೋನಿಯ ಹಟಕ್ಕೆ ಒಂದು ಕ್ಯಾಪ್ಸಿಕಂ.

ಮರುದಿನ ಮಧ್ಯಾಹ್ನ ಗಾಳಿ ಎದ್ದಿತು.
ಪಾತೋಳಿಯ ಅರಿಶಿನದೆಲೆ ಬಿಡಿಸುವಷ್ಟರಲ್ಲಿ ಫೋನು,
ಬಿಣಗಾದ ಹತ್ತಿರ ಮರ ಬಿದ್ದು ತಂತಿ ಹರಿದಿದೆ.
'ಹಬ್ಬದ ದಿನವೂ?'
'ಹಬ್ಬದ ದಿನವೇ,' ಅಂದು ರೇನ್‌ಕೋಟು ಹಾಕಿ ಹೊರಟ.
ಕೋಡಿಬಾಗವಿಡೀ ಕತ್ತಲು.
ನಮ್ಮನೆಯಲ್ಲೂ ಎರಡೇ ಸಮೆ.

ಗಣಪನ್ನ ನೋಡಲು ಬಂದವರು
ಟಾರ್ಚು ಆರಿಸಿ ಕೈಮುಗಿದರು.
ಮನೋರಮಾ ವಹಿನಿ ಕತ್ತೆತ್ತಿ,
'ಚಿಕ್ಕುವಿನ ಪಕ್ಕ ಅದ್ಯಾವ ಕಾಯಿ?
ನಮಗೆ ಮಾರ್ಕೆಟ್ಟಲ್ಲಿ ಸಿಗಲೇ ಇಲ್ಲ.'
ಕಾಯಿ ಒಂದು ರೆಕ್ಕೆ ಚಾಚಿ
ಆಕಳಿಸಿತು.

ಸುಣ್ಣದ ಗೆರೆ ಮಕ್ಕಳಿಗೆ ಎಳೆದದ್ದು,
ಹಾರುವುದಕ್ಕಲ್ಲ; ನನಗೆ ಹೊಳೆದಿರಲಿಲ್ಲ.

ಯಾರೂ ಉಸಿರಾಡಲಿಲ್ಲ.
ಅತ್ತೆ ಬತ್ತಿ ಮೇಲೆ ಮಾಡುತ್ತ,
ತಿರುಗಿ ಸಹ ನೋಡದೆ ಅಂದರು:
'ಇಲಿ. ಗಣಪನದೇ.
ರೆಕ್ಕೆ ಬಂದಿದೆ, ಅಷ್ಟೆ.'

ಒಂಬತ್ತೂವರೆಗೆ ಕರೆಂಟು.
'ಬಂತೂ!' ಅಂತ ನಮ್ಮ ಮಕ್ಕಳು,
ಆಚೆ ಓಣಿ, ಈಚೆ ಓಣಿ, ಕಾಳಿಯ ದಂಡೆವರೆಗೆ
ಅದೇ ಒಂದು ಕೂಗು.
ಕಂಬದ ಮೇಲೆ ಅವನಿಗೆ ಕೇಳಿಸಿತೋ ಏನೋ.
ಹನ್ನೊಂದಕ್ಕೆ ಬಂದು, ತಣ್ಣಗಿನ ಪಾತೋಳಿ
ನಿಂತೇ ತಿಂದ, ಐದು.

ಆ ವರ್ಷ ಫಳಾವಳಿಯ ಹಣ್ಣು ಹಂಚಲಿಲ್ಲ.
ಗಣಪ ಕಾಳಿಗೆ ಹೋದ ಸಂಜೆ
ಅಷ್ಟನ್ನೂ ಹಿತ್ತಲ ಬಾದಾಮಿ ಮರಕ್ಕೆ ಕಟ್ಟಿದೆವು,
ಕ್ಯಾಪ್ಸಿಕಂ ಸಮೇತ.
ಅದನ್ನೊಂದು ಯಾರೂ ಮುಟ್ಟಲಿಲ್ಲ.
ಮೂರು ರಾತ್ರಿ ಬಂದು ತಿಂದಿತು.
ನಾಲ್ಕನೆಯದು ಸಲೋನಿ ಅಂಗಳದಲ್ಲಿ ನಿಂತಳು,
ಕೂಗಲು ಹೆಸರಿರಲಿಲ್ಲ.
ಸ್ವಲ್ಪ ಹೊತ್ತು 'ಏ' ಅಂದಳು.
'ಏ.'

ಈಗಲೂ ನಡುರಾತ್ರಿ ತಗಡಿನ ಮೇಲೆ
ಬಾದಾಮಿ ಕಾಯಿ ಟಪ್ಪೆಂದರೆ
ಫ್ಯೂಜು ಬೊಗಳುವುದಿಲ್ಲ, ಕಿವಿ ಮಾತ್ರ ಎತ್ತುತ್ತದೆ.

ದಿಗಂಬರ ಗರಿ ಕಡಿಯುವ ಮೊದಲು
ಗಳುವಿನಿಂದ ಮೂರು ಸಲ ತಟ್ಟುತ್ತಾನಂತೆ,
ಬಾಗಿಲು ತಟ್ಟಿದ ಹಾಗೆ.
ತಟ್ಟಿ ಕಾಯುತ್ತಾನಂತೆ.
ಕೆಲಸ ತಡವಾಗುತ್ತದೆ ಅಂತ
ಸೆಕ್ಷನ್ ಆಫೀಸರು ಬೈದರಂತೆ, ಎರಡು ಸಲ.